ಹೂಮಳೆಗೆ ಕಾಯೋದಾ, ಸ್ಪ್ರಿಂಕ್ಲರ್ ಹಾಕೋದಾ: ಒಂದು ರೊಬಸ್ಟಾ ತೋಟದ ಪ್ರಕರಣ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತೆ ಅಂತಾರಲ್ಲ, ಕಾಫಿ ಸೀಮೆಯಲ್ಲಿ ಆ ಚಳಿ ಬಿಟ್ಟು ಬಿಸಿಲು ಏರೋ ಮೂರ್ನಾಲ್ಕು ವಾರದಲ್ಲೇ ಮುಂದಿನ ವರ್ಷದ ಫಸಲು ಅರ್ಧಕ್ಕರ್ಧ ತೀರ್ಮಾನ ಆಗಿಬಿಡುತ್ತೆ. ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದ ತನಕ ಬರೋ ಹೂಮಳೆ, ಅಂದ್ರೆ ಕಾಫಿ ಹೂವು ಅರಳಿಸೋ ಮಳೆ, ಅದರ ಬಗ್ಗೆ ಬರೋ ಮುನ್ಸೂಚನೆ, ಕೆರೆಯಲ್ಲಿ ಉಳಿದಿರೋ ನೀರು, ಈ ಮೂರನ್ನ ಇಟ್ಕೊಂಡು ಒಂದು ಮನೆಯವರು ಹೇಗೆ ನಿರ್ಧಾರ ತಗೊಂಡ್ರು ಅನ್ನೋದನ್ನ ಇಲ್ಲಿ ಪೂರ್ತಿ ಬರೀತಿದ್ದೀನಿ. ಮನೆಯವರ ಒಪ್ಪಿಗೆ ಇದೆ, ಹೆಸರು, ಊರು, ಯಾವ ವರ್ಷ ಅನ್ನೋದು ಬೇಡ ಅಂದ್ರು, ಹಾಗಾಗಿ ಅಣ್ಣ, ತಮ್ಮ, ಅಣ್ಣನ ಮಗಳು ಅಂತಷ್ಟೇ ಕರೀತೀನಿ. ಜಾಗ ಮೂಡಿಗೆರೆ–ಸಕಲೇಶಪುರ ಕಡೆ ಅಂತ ತಿಳ್ಕೊಂಡ್ರೆ ಸಾಕು.

ಹಿನ್ನೆಲೆ

ಒಟ್ಟು 18 ಎಕರೆ ರೊಬಸ್ಟಾ ಕಾಫಿ, ಅಣ್ಣ ತಮ್ಮಂದಿರು ಪಾಲಾಗಿದ್ರೂ ಕೆರೆ ಒಂದೇ, ಡೀಸೆಲ್ ಪಂಪು ಒಂದೇ, ಸ್ಪ್ರಿಂಕ್ಲರ್ ಸೆಟ್ಟೂ ಒಂದೇ. ಹಾಗಾಗಿ ಜಮೀನು ಎರಡು ಪಾಲಾದ್ರೂ ನೀರಿನ ನಿರ್ಧಾರ ಒಂದೇ ಆಗಬೇಕು, ಇದು ಈ ಪ್ರಕರಣದ ದೊಡ್ಡ ಗಂಟು. ತೋಟ ಇಳಿಜಾರಲ್ಲಿದೆ, ಮೇಲಿನ ಬ್ಲಾಕ್ 8 ಎಕರೆ, ನಡುವಿಂದು 6, ಕೆಳಗಿಂದು 4. ಮೇಲಿನ ಬ್ಲಾಕಲ್ಲಿ ಒಂದು 3 ಎಕರೆಯಷ್ಟು ಜಾಗದಲ್ಲಿ ಮರಗಸಿ, ಅಂದ್ರೆ ನೆರಳು ಮರದ ಕೊಂಬೆ ಕಡಿಯೋ ಕೆಲಸ, ಮಾಡದೆ ವರ್ಷಗಳಾಗಿತ್ತು, ದಟ್ಟ ನೆರಳು. ಕೆಳಗಿನ ಬ್ಲಾಕ್ ಕಲ್ಲುಮಣ್ಣು, ಬೇಗ ಒಣಗುತ್ತೆ.

ಕಾಫಿ ಬೆಳೆಯದೇ ಇರೋರಿಗೆ ಒಂದು ಮಾತು ಹೇಳಿಬಿಡ್ತೀನಿ, ಇಲ್ದಿದ್ರೆ ಮುಂದಿನದು ಅರ್ಥ ಆಗಲ್ಲ. ರೊಬಸ್ಟಾ ಗಿಡದ ಮೊಗ್ಗು ಚಳಿಗಾಲದ ಒಣ ಹವೆಯಲ್ಲಿ ಬೆಳೆದು ಒಂದು ಹಂತಕ್ಕೆ ಬಂದು ಹಾಗೇ ನಿಂತುಬಿಡುತ್ತೆ, ನೀರು ಬಿದ್ರೆ ಮಾತ್ರ ಎಚ್ಚರ ಆಗಿ ಸುಮಾರು ಎಂಟು ದಿನಕ್ಕೆ ಅರಳುತ್ತೆ. ಆ ನೀರು ಒಂದು ಇಂಚಿನ ಆಸುಪಾಸು ಇರಬೇಕು. ಅದಾದ ಮೇಲೆ 15–20 ದಿನಕ್ಕೆ ಇನ್ನೊಂದು ಮುಕ್ಕಾಲು ಇಂಚು ಬೇಕು, ಅದನ್ನ ಬ್ಯಾಕಿಂಗ್ ಅಂತೀವಿ, ಅದು ಸಿಗ್ಲಿಲ್ಲ ಅಂದ್ರೆ ಕಟ್ಟಿದ ಕಾಯಿ ನಿಲ್ಲಲ್ಲ. ಇನ್ನೊಂದು ವಿಷಯ, ರೊಬಸ್ಟಾ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟೋದಲ್ಲ, ಬೇರೆ ಗಿಡದ ಪರಾಗ ಬೇಕು, ಗಾಳಿ, ಜೇನ್ನೊಣ ಎರಡೂ ಬೇಕು. ಹಾಗಾಗಿ ಹೂವು ಅರಳಿದ ದಿನವೇ ಮಳೆ ಬಂದ್ರೆ ನಷ್ಟ. ಅಂದ್ರೆ ಮಳೆ ಬೇಕು, ಎಂಟು ದಿನ ಬಿಟ್ಟು ಮಳೆ ಬೇಡ, ಮತ್ತೆ ಎರಡು ವಾರಕ್ಕೆ ಮಳೆ ಬೇಕು! ಮುನ್ಸೂಚನೆಯನ್ನ ಇಷ್ಟು ಬಿಗಿಯಾಗಿ ಪರೀಕ್ಷೆ ಮಾಡೋ ಬೆಳೆ ನನಗಂತೂ ಇನ್ನೊಂದು ಗೊತ್ತಿಲ್ಲ.

ಇಲ್ಲಿ ಮಳೆಯನ್ನ ಇಂಚು, ಸೆಂಟಲ್ಲಿ ಹೇಳೋದು ರೂಢಿ, 100 ಸೆಂಟ್ ಅಂದ್ರೆ ಒಂದು ಇಂಚು, 25.4 ಮಿಲಿಮೀಟರ್. ನಾನೂ ಹಾಗೇ ಬರೀತೀನಿ.

ಸಮಸ್ಯೆ ಏನಿತ್ತು

ಹಿಂದಿನ ಮಳೆಗಾಲ ಅಷ್ಟಕ್ಕಷ್ಟೇ, ಫೆಬ್ರವರಿಗೆ ಬರುವಾಗ ಕೆರೆಯಲ್ಲಿ ಎತ್ತಬಹುದಾದ ನೀರು ಹೆಚ್ಚೂ ಕಡಿಮೆ 30 ಲಕ್ಷ ಲೀಟರ್. ಒಂದು ಎಕರೆಗೆ ಒಂದು ಇಂಚು ನೀರು ಅಂದ್ರೆ ಒಂದು ಲಕ್ಷ ಲೀಟರ್‌ಗಿಂತ ಸ್ವಲ್ಪ ಜಾಸ್ತಿ. 18 ಎಕರೆಗೂ ಹೂವಿಗೆ ಅಂತ ಒಂದೂಕಾಲು ಇಂಚು ಕೊಟ್ರೆ 23 ಲಕ್ಷ ಖಾಲಿ. ಉಳಿಯೋ 7 ಲಕ್ಷದಲ್ಲಿ ಬಿಸಿಲಿಗೆ ಆವಿಯಾಗಿ ಹೋಗೋದೇ ಎರಡು ಲಕ್ಷ, ಕೊನೆಗೆ ಬ್ಯಾಕಿಂಗ್‌ಗೆ ಉಳಿಯೋದು ಆರೇಳು ಎಕರೆಗೆ ಸಾಲೋ ಅಷ್ಟು. ಈ ಲೆಕ್ಕ ಮಾಡಿದ್ದು ಅಣ್ಣನ ಮಗಳು, ಅದನ್ನ ಪೇಪರ್ ಮೇಲೆ ನೋಡೋವರೆಗೂ ಅಪ್ಪನಿಗೂ ಚಿಕ್ಕಪ್ಪನಿಗೂ ಕೆರೆ ತುಂಬಾ ನೀರಿದೆ ಅಂತಾನೇ ಅನ್ಸಿತ್ತು.

ಫೆಬ್ರವರಿ 10ರ ಹೊತ್ತಿಗೆ ಪಕ್ಕದ ತೋಟದವರು ಸ್ಪ್ರಿಂಕ್ಲರ್ ಶುರು ಮಾಡಿಬಿಟ್ರು. ಅವರ ಕೆರೆ ದೊಡ್ಡದು, ಕುಯ್ಲೂ ಮುಗಿದಿತ್ತು. ತಮ್ಮನಿಗೆ ಅವಸರ ಶುರುವಾಯ್ತು. ಆದ್ರೆ ಇವರ ನಡುವಿನ ಬ್ಲಾಕಲ್ಲಿ ಇನ್ನೂ ಹಣ್ಣು ಗಿಡದಲ್ಲೇ ಇತ್ತು, ಆಳು ಸಿಗ್ತಿರ್ಲಿಲ್ಲ, ಹಣ್ಣು ಇರೋ ಗಿಡಕ್ಕೆ ನೀರು ಕೊಟ್ಟು ಹೂವು ಬಿಡಿಸಿದ್ರೆ ಆಮೇಲೆ ಕುಯ್ಯುವಾಗ ಹೂವೂ ಉದುರುತ್ತೆ. ಹಾಗಾಗಿ 20ನೇ ತಾರೀಖಿನ ತನಕ ಏನೂ ಮಾಡೋ ಹಾಗಿರ್ಲಿಲ್ಲ. ಅಲ್ಲಿಂದ ಮುಂದೆ ಎರಡು ದಾರಿ. ತಮ್ಮ ಹೇಳಿದ್ದು ನಾಳೆಯಿಂದಲೇ ಪಂಪು ಹಚ್ಚೋಣ ಅಂತ. ಅಣ್ಣ ಹೇಳಿದ್ದು ಮಳೆ ಬರೋ ಸೂಚನೆ ಇದೆ, ಡೀಸೆಲ್ ಸುಡೋದ್ಯಾಕೆ, ಕಾಯೋಣ ಅಂತ.

ಸೂಚನೆ ಅಂದ್ರೆ ಯಾವ ಸೂಚನೆ ಅಂತ ಕೇಳಿದ್ರೆ ಅಲ್ಲೇ ಗೊಂದಲ ಶುರು. ವಾಟ್ಸಾಪಲ್ಲಿ ಒಂದು ಮೆಸೇಜ್ ಓಡಾಡ್ತಿತ್ತು, "ಮಲೆನಾಡಿನಲ್ಲಿ ಮುಂದಿನ ವಾರ ಭರ್ಜರಿ ಮಳೆ" ಅಂತ. ಇನ್ನೊಬ್ರು ಯಾರೋ ಈ ಸಲ ಲಾ ನಿನಾ ಇದೆ, ಮಳೆ ಗ್ಯಾರಂಟಿ ಅಂದಿದ್ರು. ಅಣ್ಣನಿಗೆ ಪಂಚಾಂಗದ ಮೇಲೂ ನಂಬಿಕೆ, ಆದ್ರೆ ಮಳೆ ನಕ್ಷತ್ರಗಳ ಲೆಕ್ಕ ಶುರುವಾಗೋದೇ ಏಪ್ರಿಲ್ ನಡುವಿನ ಅಶ್ವಿನಿಯಿಂದ, ಫೆಬ್ರವರಿಯ ಹೂಮಳೆಗೆ ಅಲ್ಲಿ ದಾರಿ ಕಾಣಲ್ಲ. ಲಾ ನಿನಾ ವಿಷಯವೂ ಅಷ್ಟೇ, ಪೆಸಿಫಿಕ್ ಸಮುದ್ರದ ಮೇಲ್ಮೈ ತಣ್ಣಗಿದೆಯೋ ಬೆಚ್ಚಗಿದೆಯೋ ಅನ್ನೋದು ಇಡೀ ಋತುವಿನ ಒಲವನ್ನ ಹೇಳಬಹುದು, ಒಂದು ತೋಟದ ಮೇಲೆ ಫೆಬ್ರವರಿ ಕೊನೆಯ ವಾರ ಗುಡುಗು ಮಳೆ ಬೀಳುತ್ತಾ ಅನ್ನೋದನ್ನಲ್ಲ.

ಮುನ್ಸೂಚನೆ ಓದಿದ ರೀತಿ

ನನ್ನ ಹತ್ರ ವಿಷಯ ಬಂದಿದ್ದು ಈ ಹಂತದಲ್ಲಿ. ಸುತ್ತಮುತ್ತಲಿನ ಬೆಳೆಗಾರರ ಜೊತೆ ಕೂತು ಹವಾಮಾನ ಬುಲೆಟಿನ್ ಓದೋದು ನನಗೆ ಅಭ್ಯಾಸ. ಅಣ್ಣನ ಮಗಳು ಆಗಲೇ ಎಲ್ಲಾ ತೆಗೆದಿಟ್ಟಿದ್ಲು. ಭಾರತೀಯ ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ ವಾರಗಳ ವಿಸ್ತೃತ ಮುನ್ಸೂಚನೆ ಕೊಡುತ್ತೆ, ಅದರಲ್ಲಿ ದಕ್ಷಿಣ ಕರ್ನಾಟಕದ ಕಡೆ ಮುಂದಿನ ವಾರ ವಾಡಿಕೆಗಿಂತ ಸ್ವಲ್ಪ ಹೆಚ್ಚು ಮಳೆ ಅಂತ ಇತ್ತು. ಅಣ್ಣ ಅದನ್ನೇ ಹಿಡ್ಕೊಂಡಿದ್ರು.

ಇಲ್ಲಿ ಮೊದಲನೇ ಪ್ರಶ್ನೆ, ವಾಡಿಕೆ ಅಂದ್ರೆ ಎಷ್ಟು? ಇಲಾಖೆ ಲೆಕ್ಕದಲ್ಲಿ ಜನವರಿ–ಫೆಬ್ರವರಿ ಚಳಿಗಾಲ, ಮಾರ್ಚ್‌ನಿಂದ ಮೇ ಮುಂಗಾರುಪೂರ್ವ. ನಮ್ಮ ಒಳನಾಡಲ್ಲಿ ಚಳಿಗಾಲದ ಎರಡು ತಿಂಗಳು ಸೇರಿಸಿದ್ರೂ ವಾಡಿಕೆ ಮಳೆ ಕೆಲವೇ ಮಿಲಿಮೀಟರ್. ಅಲ್ಲಿ 60 ಪರ್ಸೆಂಟ್ ಜಾಸ್ತಿ ಆದ್ರೆ ಇಲಾಖೆಯ ಪಟ್ಟಿಯಲ್ಲಿ ಅದು "ಅತ್ಯಧಿಕ" ಅನ್ನೋ ವರ್ಗಕ್ಕೆ ಹೋಗುತ್ತೆ, ನಕ್ಷೆಯಲ್ಲಿ ಕಡು ನೀಲಿ ಬಣ್ಣ ಬರುತ್ತೆ, ಆದ್ರೆ 5 ಮಿಲಿಮೀಟರ್‌ಗೆ 60 ಪರ್ಸೆಂಟ್ ಸೇರಿಸಿದ್ರೆ 8 ಅಷ್ಟೇ, ಅಂದ್ರೆ 31 ಸೆಂಟ್. ಆ ನೀರಿಗೆ ಹೂವು ಸರಿಯಾಗಿ ಅರಳಲ್ಲ. ಈ ತಿಂಗಳುಗಳಲ್ಲಿ ಪರ್ಸೆಂಟ್ ನೋಡಲೇಬಾರದು, ಮಿಲಿಮೀಟರ್ ನೋಡಬೇಕು.

ಎರಡನೇದು ಜಾಗ. ಇಲಾಖೆ ದೇಶವನ್ನ 36 ಉಪವಿಭಾಗ ಮಾಡಿದೆ, ಕರ್ನಾಟಕದಲ್ಲಿ ಮೂರು, ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ಚಿಕ್ಕಮಗಳೂರು, ಕೊಡಗು, ಹಾಸನ ದಕ್ಷಿಣ ಒಳನಾಡಿಗೆ ಸೇರುತ್ತೆ, ಅದೇ ಪೆಟ್ಟಿಗೆಯಲ್ಲಿ ಬೆಂಗಳೂರು, ತುಮಕೂರು, ಚಾಮರಾಜನಗರವೂ ಇದೆ. ಘಟ್ಟದ ಸೆರಗಿಗೂ ಬಯಲಿಗೂ ಒಂದೇ ಸಾಲು.

ಮೂರನೇದು ಪದಗಳು. 23ನೇ ತಾರೀಖಿಗೆ ಐದು ದಿನದ ಮುನ್ಸೂಚನೆ ಬಂತು, 25ರಿಂದ 27ರ ತನಕ "ಕೆಲವು ಕಡೆ ಹಗುರದಿಂದ ಸಾಧಾರಣ ಮಳೆ, ಗುಡುಗು ಸಹಿತ". ಇದನ್ನ ಓದಿದ ತಕ್ಷಣ ಅಣ್ಣನ ಮುಖ ಅರಳಿತು. ಆದ್ರೆ ಈ ಪದಗಳಿಗೆಲ್ಲಾ ಇಲಾಖೆ ಅಳತೆ ಇಟ್ಟಿದೆ. ಒಂದೆರಡು ಕಡೆ ಅಂದ್ರೆ ಉಪವಿಭಾಗದ ಮಳೆಮಾಪನ ಕೇಂದ್ರಗಳಲ್ಲಿ ಕಾಲು ಭಾಗದೊಳಗೆ, ಕೆಲವು ಕಡೆ ಅಂದ್ರೆ ಕಾಲು ಭಾಗದಿಂದ ಅರ್ಧದವರೆಗೆ. ಅಂದ್ರೆ ಮುನ್ಸೂಚನೆ ಪೂರ್ತಿ ನಿಜ ಆದ್ರೂ ಅರ್ಧಕ್ಕಿಂತ ಹೆಚ್ಚು ಕಡೆ ಮಳೆ ಇಲ್ಲ ಅಂತ. ಇನ್ನು ಹಗುರ ಮಳೆ ಶುರುವಾಗೋದು 2.5 ಮಿಲಿಮೀಟರ್‌ಗೆ, ಸಾಧಾರಣ ಮುಗಿಯೋದು 64.4ಕ್ಕೆ. ಅದನ್ನ ನಮ್ಮ ಲೆಕ್ಕಕ್ಕೆ ತಂದ್ರೆ 10 ಸೆಂಟಿಂದ ಎರಡೂವರೆ ಇಂಚು! ಗಿಡಕ್ಕೆ ಗೊತ್ತೂ ಆಗದಷ್ಟು ಮಳೆ, ಅರ್ಧಂಬರ್ಧ ಎಬ್ಬಿಸಿ ಕೆಡಿಸೋ ಮಳೆ, ಚಿನ್ನದಂಥ ಹೂಮಳೆ, ಎಲ್ಲಾ ಆ ಒಂದೇ ಸಾಲಿನ ಒಳಗಿದೆ.

ಇದು ಇಲಾಖೆಯ ತಪ್ಪಲ್ಲ, ಇದನ್ನ ನಾನು ಒತ್ತಿ ಹೇಳ್ತೀನಿ. ಚಳಿಗಾಲ ಮುಗಿಯೋ ಹೊತ್ತಿಗೆ ಪೂರ್ವದ ಒಣ ಗಾಳಿ ಸಡಿಲ ಆಗುತ್ತೆ, ಒಳನಾಡಿನ ಮೇಲೆ ಉತ್ತರ ದಕ್ಷಿಣವಾಗಿ ಒಂದು ಟ್ರಫ್, ಅಂದ್ರೆ ಒತ್ತಡ ಕಡಿಮೆ ಇರೋ ಪಟ್ಟಿ, ಏಳುತ್ತೆ, ಅದರ ಎರಡೂ ಬದಿಯಿಂದ ಬಂಗಾಳಕೊಲ್ಲಿ ಮತ್ತೆ ಅರಬ್ಬಿ ಸಮುದ್ರದ ತೇವ ಬಂದು ಸೇರುತ್ತೆ, ಮಧ್ಯಾಹ್ನದ ಕಾವಿಗೆ ಮೋಡ ಎತ್ತರಕ್ಕೆ ಎದ್ದು ಸಂಜೆಗೆ ಗುಡುಗಿ ಸುರಿಯುತ್ತೆ. ಈ ಪಟ್ಟಿ ಏಳುತ್ತಾ ಅನ್ನೋದನ್ನ ನಾಲ್ಕೈದು ದಿನ ಮೊದಲೇ ಹೇಳಬಹುದು. ಯಾವ ಗುಡ್ಡದ ಮೇಲೆ ಮೋಡ ಒಡೆಯುತ್ತೆ ಅನ್ನೋದನ್ನ ಗಂಟೆಗಳ ಮೊದಲು ಹೇಳೋದೂ ಕಷ್ಟ. ಒಂದು ಏರಿನ ಈಚೆ ಇಂಚು ಮಳೆ, ಆಚೆ ಧೂಳು, ಇದನ್ನ ಕಂಡಿಲ್ಲದ ಬೆಳೆಗಾರ ಇಲ್ಲಿ ಇಲ್ಲ.

ತಿರುವು

ಹಾಗಿದ್ರೆ ಮುನ್ಸೂಚನೆ ಇಟ್ಕೊಂಡು ಏನು ಮಾಡೋದು? ಜಗಳ ಅಲ್ಲೇ ಸುತ್ತುತಿತ್ತು, ಅಣ್ಣ "ಮಳೆ ಬರುತ್ತೆ" ಅನ್ನೋದು, ತಮ್ಮ "ಬರಲ್ಲ" ಅನ್ನೋದು. ಅದನ್ನ ತಿರುಗಿಸಿದ್ದು ಹುಡುಗಿ. "ಅಪ್ಪಾ, ಮಳೆ ಬರುತ್ತೋ ಬಿಡುತ್ತೋ ನಮ್ಮ ಕೈಲಿಲ್ಲ. ಎಂಟು ದಿನ ಕಾದ್ರೆ ನಷ್ಟ ಏನು, ಕಾಯದೇ ಹೊಡೆದ್ರೆ ನಷ್ಟ ಏನು, ಅದನ್ನ ಹೇಳಿ" ಅಂದ್ಲು. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಅತಿ ಮುಖ್ಯವಾದ ಮಾತು ಇದು.

ಲೆಕ್ಕ ಹಾಕಿದ್ರೆ ಹೀಗಿತ್ತು. ಮೊಗ್ಗು ಗಟ್ಟಿಯಾಗಿತ್ತು, ಎಲೆ ಇನ್ನೂ ಬಾಡಿರ್ಲಿಲ್ಲ, ಹೂವಿಗೆ ನೀರು ಮಾರ್ಚ್ ಮೊದಲ ವಾರ ಕೊಟ್ರೂ ತಡ ಅಲ್ಲ. ಅಂದ್ರೆ ಎಂಟು ದಿನ ಕಾಯೋದ್ರಿಂದ ಆಗೋ ನಷ್ಟ ಸಣ್ಣದು. ಕಾದಾಗ ಅರ್ಧ ಇಂಚಾದ್ರೂ ಬಿದ್ರೆ ಕೆರೆಯಲ್ಲಿ ಒಂಬತ್ತು ಲಕ್ಷ ಲೀಟರ್‌ಗಿಂತ ಸ್ವಲ್ಪ ಜಾಸ್ತಿ ಉಳಿತಾಯ ಆಗುತ್ತೆ, ಅದು ಬ್ಯಾಕಿಂಗ್‌ಗೆ ಪ್ರಾಣ. ಅದೇ ಈಗಲೇ 23 ಲಕ್ಷ ಖಾಲಿ ಮಾಡಿ ಮಾರ್ಚಲ್ಲಿ ಮಳೆ ಕೈಕೊಟ್ರೆ 11 ಎಕರೆ ಕಾಯಿ ಉದುರೋದನ್ನ ನೋಡ್ತಾ ನಿಲ್ಲಬೇಕು. ಹಾಗಾಗಿ ಮಳೆ ಬರೋ ಸಾಧ್ಯತೆ ಅರ್ಧಕ್ಕಿಂತ ಕಡಿಮೆ ಇದ್ರೂ ಕಾಯೋದೇ ಸರಿ. ತಮ್ಮ ಇದಕ್ಕೆ ಒಪ್ಪಿದ್ದು ಒಂದು ಷರತ್ತಿನ ಮೇಲೆ, ಕಾಯೋಕೆ ಕೊನೇ ದಿನ ಗೊತ್ತಾಗಬೇಕು. ಫೆಬ್ರವರಿ 28 ಅಂತ ಆಯ್ತು. ಅವತ್ತು ಬೆಳಗ್ಗೆವರೆಗೆ ಬರದಿದ್ರೆ ಯಾರೂ ಚರ್ಚೆ ಮಾಡೋ ಹಾಗಿಲ್ಲ, ಪಂಪು ಸ್ಟಾರ್ಟ್.

ಅವತ್ತೇ ಇನ್ನೊಂದು ಕೆಲಸ ಆಯ್ತು. ಎಷ್ಟು ಸೆಂಟ್ ಬಿದ್ರೆ ಏನು ಮಾಡೋದು ಅಂತ ಮೊದಲೇ ಬರೆದು ಜಗಲಿ ಗೋಡೆಗೆ ಅಂಟಿಸಿದ್ರು. 10 ಸೆಂಟ್ ಒಳಗೆ ಬಿದ್ರೆ ಬಿದ್ದೇ ಇಲ್ಲ ಅಂತ ತಿಳಿಯೋದು. ಒಂದು ಇಂಚು ದಾಟಿದ್ರೆ ಪಂಪು ಮುಟ್ಟೋದು ಬೇಡ. ನಡುವೆ ಎಷ್ಟೇ ಬಿದ್ರೂ ಕೊರತೆ ಇರೋದನ್ನ ಕೂಡಲೇ ಸ್ಪ್ರಿಂಕ್ಲರ್‌ನಿಂದ ತುಂಬಿಸೋದು. ಯಾಕಂದ್ರೆ ಅರ್ಧ ಮಳೆ ಪೂರ್ತಿ ಒಣಗಿರೋದಕ್ಕಿಂತ ಅಪಾಯ, ಮೊಗ್ಗು ಎಚ್ಚರ ಆಗಿರುತ್ತೆ, ಅರಳೋಕೆ ಶಕ್ತಿ ಇರಲ್ಲ. ಪಕ್ಕದವರ ಕೆಲಸ ಮುಗಿದಿದ್ರಿಂದ ಅವರ ಸೆಟ್ಟನ್ನ ಬೇಕಾದ್ರೆ ನಾಲ್ಕು ದಿನಕ್ಕೆ ಕೊಡಿ ಅಂತ ಮೊದಲೇ ಕೇಳಿಟ್ರು. ಪೈಪುಗಳನ್ನ ತೋಟದೊಳಗೆ ಹಾಸಿಯೂ ಆಯ್ತು. ಮಳೆಮಾಪಕ ಮನೆ ಅಂಗಳದಲ್ಲಿ ಒಂದೇ ಇತ್ತು, ನಡುವಿನ ಬ್ಲಾಕಿಗೆ ಒಂದು, ಕೆಳಗೆ ಒಂದು ಹೊಸದಾಗಿ ನೆಟ್ರು. ಮನೆ ಇರೋದು ಮೇಲಿನ ಬ್ಲಾಕಲ್ಲಿ.

ಇದೇ ಮುನ್ಸೂಚನೆಗೆ ಕಣದಲ್ಲಿ ತಗೊಂಡ ನಿರ್ಧಾರ ಬೇರೆ. ಕೊನೆ ಕುಯ್ಲಿನ ಹಣ್ಣು ಒಣಗ್ತಿತ್ತು, ಒಂದು ಮಳೆ ಹೊಡೆದ್ರೆ ಬೂಸ್ಟು ಹಿಡಿದು ದರ ಬೀಳುತ್ತೆ. ಅಲ್ಲಿ ಕಾಯೋ ಪ್ರಶ್ನೆನೇ ಇಲ್ಲ, ಮೂರು ಸಂಜೆನೂ ರಾಶಿ ಮಾಡಿ ಟಾರ್ಪಾಲು ಮುಚ್ಚಿದ್ರು. ಮುಚ್ಚೋಕೆ ಇಬ್ಬರ ಅರ್ಧ ಗಂಟೆ ಕೆಲಸ, ಮುಚ್ಚದಿದ್ರೆ ಹೋಗೋದು ಮೂಟೆಗಟ್ಟಲೆ. ಹತ್ತರಲ್ಲಿ ಒಂದು ಸಾಧ್ಯತೆ ಇದ್ರೂ ಮುಚ್ಚಬೇಕು. ಒಂದೇ ಬುಲೆಟಿನ್, ಒಂದೇ ಸಾಲು, ಕಣಕ್ಕೆ ಅದು "ಇವತ್ತೇ ಮಾಡು" ಅನ್ನುತ್ತೆ, ಪಂಪಿಗೆ "ತಡಿ" ಅನ್ನುತ್ತೆ.

ಏನಾಯ್ತು

25ಕ್ಕೆ ಬರೀ ಮೋಡ. 26ರ ರಾತ್ರಿ ಎಂಟೂವರೆಗೆ ಗುಡುಗು ಶುರುವಾಗಿ ಹತ್ತರ ತನಕ ಸುರೀತು. ಅಣ್ಣ ರಾತ್ರಿನೇ ಫೋನ್ ಮಾಡಿ ಹೂಮಳೆ ಆಗೋಯ್ತು ಅಂದ್ರು. ಬೆಳಗ್ಗೆ ಎಂಟೂವರೆಗೆ, ಇಲಾಖೆಯವರೂ ಆ ಹೊತ್ತಿಗೇ ಅಳೆಯೋದು, ಹುಡುಗಿ ಮೂರೂ ಮಾಪಕ ನೋಡಿದ್ಲು. ಮೇಲೆ 62 ಸೆಂಟ್, ನಡುವೆ 38, ಕೆಳಗೆ 15. ಒಂದೇ ತೋಟ, ಮೇಲಿಂದ ಕೆಳಗೆ ನಡೆದ್ರೆ ಹತ್ತು ನಿಮಿಷ. ಅಂಗಳದ ಮಾಪಕ ಒಂದನ್ನೇ ನಂಬಿದ್ದಿದ್ರೆ 18 ಎಕರೆಗೂ 62 ಅಂತ ಬರೆದು ಸುಮ್ಮನಿರ್ತಿದ್ರು.

ಆಗ ಎರಡನೇ ತಿರುವು. ಎರಡು ಸೆಟ್ ಇದ್ರೂ ಹಗಲು ರಾತ್ರಿ ಓಡಿಸಿದ್ರೆ ದಿನಕ್ಕೆ ನಾಲ್ಕೈದು ಎಕರೆ, ಅಷ್ಟೇ. ಎಲ್ಲಿಂದ ಶುರು ಮಾಡೋದು? ತಮ್ಮನಿಗೆ ಕೆಳಗಿನ ಬ್ಲಾಕ್, ಅಲ್ಲೇ ಕಡಿಮೆ ಬಿದ್ದಿರೋದು, ಅಲ್ಲಿಂದಲೇ ಅಂತ. ನೋಡೋಕೆ ನ್ಯಾಯವಾಗಿದೆ, ಆದ್ರೆ ಗಿಡದ ಕಡೆಯಿಂದ ನೋಡಿದ್ರೆ ಉಲ್ಟಾ. 15 ಸೆಂಟಿಗೆ ಹೆಚ್ಚಿನ ಮೊಗ್ಗು ಅಲುಗಾಡಿರಲ್ಲ, ನಾಲ್ಕು ದಿನ ಕಾದ್ರೂ ಪರವಾಗಿಲ್ಲ. ನಡುವಿನ 38 ಇದೆಯಲ್ಲ, ಅದೇ ಅಪಾಯದ ಜಾಗ, ಮೊಗ್ಗು ಎದ್ದಿದೆ, ನೀರು ಸಾಲದು. ಹಾಗಾಗಿ ಮೊದಲು ನಡುವಿಂದು, ಆಮೇಲೆ ಮೇಲಿಂದು, ಕೊನೆಗೆ ಕೆಳಗಿಂದು ಅಂತ ತೀರ್ಮಾನ ಆಯ್ತು. ತಮ್ಮ ಸ್ವಲ್ಪ ಹೊತ್ತು ಮಾತಾಡದೇ ಕೂತ್ರು, ಕೆಳಗಿನ ಬ್ಲಾಕ್ ಪೂರ್ತಿ ಅವರ ಪಾಲಿಂದು. ಕೊನೆಗೆ ಗೋಡೆ ಮೇಲಿನ ಪೇಪರ್ ನೋಡಿ "ಸರಿ, ಬರೆದಾಗಿದೆಯಲ್ಲ" ಅಂತ ಎದ್ರು. ಅಷ್ಟು ದೊಡ್ಡ ಮನಸ್ಸು ಮಾಡಿದ್ದಕ್ಕೆ ಈ ಪ್ರಕರಣ ಬರೆಯೋ ಹಾಗಾಯ್ತು ಅಂತ ನನಗೆ ಅನ್ಸುತ್ತೆ.

27ರ ಸಂಜೆ ಮತ್ತೆ ಗುಡುಗು, ತೋಟದ ಕೆಲಸ ನೋಡ್ಕೊಳ್ಳೋ ರೈಟ್ರು ಕೂಡಲೇ ಪೈಪು ಬದಲಾಯಿಸೋದನ್ನ ನಿಲ್ಲಿಸಿ ಎಲ್ಲರನ್ನೂ ಆಳುಗಳಿರೋ ಲೈನ್ ಮನೆಗೆ ಕಳಿಸಿದ್ರು, ಅಲ್ಯೂಮಿನಿಯಂ ಪೈಪು ಹೆಗಲ ಮೇಲಿಟ್ಕೊಂಡು ಸಿಡಿಲಲ್ಲಿ ಓಡಾಡೋದು ಸಾವಿನ ಜೊತೆ ಆಟ. ಮಿಂಚಿನ ಎಚ್ಚರಿಕೆಗೆ ದಾಮಿನಿ ಅಂತ ಆ್ಯಪ್ ಇದೆ, ಅವರ ಫೋನಲ್ಲಿ ಅದು ಇತ್ತು. ಒಂದೂವರೆ ಗಂಟೆ ಹೋಯ್ತು, ಹೋಗ್ಲಿ. ಆ ಮಳೆ ಎರಡೋ ಮೂರೋ ಸೆಂಟ್.

ಅಣ್ಣ ಒಂದು ಕಡೆ ಮಾತ್ರ ಪೇಪರ್ ಮೀರಿದ್ರು. ಮೇಲಿನ ದಟ್ಟ ನೆರಳಿನ 3 ಎಕರೆಗೆ ನೀರು ಬೇಡ ಅಂದ್ರು. 62 ಬಿದ್ದಿದೆ, ನೆರಳಿದೆ, ತೇವ ಹಿಡಿದಿಡುತ್ತೆ, ಅಲ್ಲಿಗ್ಯಾಕೆ ಡೀಸೆಲ್ ಅನ್ನೋದು ಅವರ ವಾದ. ಕೇಳೋಕೆ ಸರಿಯಾಗೇ ಇತ್ತು, ಆ ಹೊತ್ತಿಗೆ ಯಾರೂ ಎದುರು ಹೇಳ್ಲಿಲ್ಲ. ಉಳಿದ 15 ಎಕರೆಗೆ ಕೊರತೆ ತುಂಬಿಸೋಕೆ ಆದ ನೀರು ಸುಮಾರು 13 ಲಕ್ಷ ಲೀಟರ್. ಪೂರ್ತಿ ಹೊಡೆದಿದ್ರೆ 23 ಆಗ್ತಿತ್ತು.

ಎಂಟನೇ ದಿನ ನಡುವಿನ ಬ್ಲಾಕ್ ಬೆಳ್ಳಗೆ ಅರಳಿತು, ಮೇಲಿಂದು ಮಾರನೇ ದಿನ, ಕೆಳಗಿಂದು ನಾಲ್ಕು ದಿನ ಬಿಟ್ಟು. ಹೀಗೆ ಬೇರೆ ಬೇರೆ ದಿನ ಅರಳಿದ್ದು ಒಂದು ರೀತಿ ಅನುಕೂಲವೇ ಆಯ್ತು, ಒಂದು ದಿನ ಮಳೆ ಬಂದು ಪರಾಗ ತೊಳೆದ್ರೂ ಎಲ್ಲಾ ಹೋಗಲ್ಲ. ಆ ವಾರ ಒಂದು ಸಂಜೆ ಏರಿನ ಆಚೆ ಮಳೆ ಸುರಿಯೋದು ಕಾಣ್ತಿತ್ತು, ಈಚೆ ಬರಲಿಲ್ಲ.

ನೆರಳಿನ 3 ಎಕರೆಗೆ ನಾನೂ ಹೋಗಿ ನೋಡಿದೆ. ಒಂದು ರೆಕ್ಕೆ, ಅಂದ್ರೆ ಗಿಡದ ಕೊಂಬೆ, ಬಗ್ಗಿಸಿ ಹಿಡಿದ್ರೆ ಒಂದೊಂದು ಗೆಣ್ಣಲ್ಲಿ ನಾಲ್ಕೈದು ಹೂವು ಅರಳಿತ್ತು, ಉಳಿದ ಮೊಗ್ಗುಗಳು ಅರ್ಧ ಬಾಯಿ ಬಿಟ್ಟು ತಿಳಿ ಗುಲಾಬಿ ಬಣ್ಣಕ್ಕೆ ತಿರುಗಿ ಹಾಗೇ ನಿಂತಿದ್ವು, ಬೆರಳಲ್ಲಿ ಮುಟ್ಟಿದ್ರೆ ಉದುರೋದು. ಐವತ್ತು ಹೆಜ್ಜೆ ಆಚೆ, ನೀರು ಕೊಟ್ಟ ಕಡೆ, ಗೆಣ್ಣೇ ಕಾಣದಷ್ಟು ಹೂವು. ಕಾರಣ ಹುಡುಕಿದ್ರೆ ಸುಲಭ. ಮಾಪಕ ಇರೋದು ಅಂಗಳದ ಬಯಲಲ್ಲಿ, ಅಲ್ಲಿ 62. ದಟ್ಟ ಮರದ ಎಲೆ ಮೇಲೆ ಬಿದ್ದ ಒಂದೂವರೆ ಗಂಟೆ ಮಳೆಯಲ್ಲಿ ಎಷ್ಟೋ ಪಾಲು ಎಲೆ ನೆನೆಯೋಕೇ ಆಯ್ತು, ಗಿಡಕ್ಕೆ ಇಳಿದದ್ದು ಅದಕ್ಕಿಂತ ಎಷ್ಟೋ ಕಡಿಮೆ. ನೆರಳು ತೇವ ಕಾಯುತ್ತೆ ನಿಜ, ಆದ್ರೆ ಸಣ್ಣ ಮಳೆಯನ್ನ ಕೆಳಗೆ ಬಿಡೋದೂ ಇಲ್ಲ.

ಬ್ಯಾಕಿಂಗ್ ಹೊತ್ತಿಗೆ ಕೆರೆಯಲ್ಲಿ ಸುಮಾರು 15 ಲಕ್ಷ ಇತ್ತು, ಎಲ್ಲಾ 18 ಎಕರೆಗೂ ಮುಕ್ಕಾಲು ಇಂಚು ಕೊಡೋ ಅಷ್ಟು. ಈ ಸಲ ಜಗಳ ಇರ್ಲಿಲ್ಲ, ಕಾಯೋಕೆ ಮಳೆ ಬಿದ್ದ ದಿನದಿಂದ 18 ದಿನ ಅಂತ ಗೆರೆ ಎಳೆದಿದ್ರು. 17ನೇ ದಿನದ ಮುನ್ಸೂಚನೆಯಲ್ಲಿ ಮತ್ತೆ ಒಳನಾಡಿನ ಮೇಲೆ ಟ್ರಫ್, ಮೂರು ದಿನ "ಕೆಲವು ಕಡೆ". ಕಲ್ಲುಮಣ್ಣಿನ ಕೆಳಗಿನ ಬ್ಲಾಕ್ ಎಲೆ ಮಧ್ಯಾಹ್ನ ಜೋತು ಬೀಳೋಕೆ ಶುರುವಾಗಿತ್ತು, ಅಲ್ಲಿ ಕಾಯೋದು ಬೇಡ, ಮೇಲಿನೆರಡು ಇನ್ನೂ ಮೂರು ದಿನ ತಡಕೊಳ್ಳುತ್ತೆ ಅಂತ ಭಾಗ ಮಾಡಿದ್ರು. ಕೆಳಗೆ ನೀರು ಕೊಟ್ಟು ಮುಗಿಸಿದ ಮಾರನೇ ದಿನ, ಅಂದ್ರೆ 20ನೇ ದಿನ, ಮಳೆ ಬಂತು. ಈ ಸಲ ಕೆಳಗೆ 70 ಸೆಂಟ್, ನಡುವೆ 55, ಮೇಲೆ 48! ಮೇಲೆ, ನಡುವೆ ಕೊರತೆ ಇದ್ದಷ್ಟನ್ನ ತುಂಬಿಸಿದ್ರು, ಆಮೇಲೂ ಕೆರೆಯಲ್ಲಿ ನೀರು ಉಳೀತು, ಏಪ್ರಿಲಲ್ಲಿ ಮೆಣಸಿನ ಮರಿ ಬಳ್ಳಿಗಳಿಗೆ ಹೋಯ್ತು.

ಇದರಿಂದ ಕಲಿಯೋಕೆ ಇರೋದು

ಕೆಳಗಿನ ಬ್ಲಾಕಿಗೆ ಕೊಟ್ಟ ನೀರು ದಂಡ ಆಯ್ತು ಅಂತ ತುಂಬಾ ಜನ ಹೇಳಿದ್ರು. ನಾನು ಒಪ್ಪಲ್ಲ. ಆ ಬೆಳಗ್ಗೆ ಗೊತ್ತಿದ್ದದ್ದು ಎಲೆ ಜೋತು ಬಿದ್ದಿದೆ, ಮಳೆ ಬರೋದು ಅರ್ಧಕ್ಕಿಂತ ಕಡಿಮೆ ಸಾಧ್ಯತೆ, ಕೆರೆಯಲ್ಲಿ ಸಾಕಷ್ಟು ನೀರಿದೆ. ನಾಳೆ ಅದೇ ಪರಿಸ್ಥಿತಿ ಬಂದ್ರೂ ಅದೇ ಮಾಡಬೇಕು. ಇದರ ಇನ್ನೊಂದು ಮುಖ ಪಕ್ಕದ ತೋಟ. ಅವರು ಫೆಬ್ರವರಿ 10ಕ್ಕೆ ಹೊಡೆದ್ರು, 18ರ ಆಸುಪಾಸು ಒಣ ಹವೆಯಲ್ಲಿ ಹೂವು ಅರಳಿತು, 26ರ ಮಳೆ ಸರಿಯಾಗಿ ಬ್ಯಾಕಿಂಗ್ ಹೊತ್ತಿಗೆ ಅರ್ಧ ಇಂಚಿನಷ್ಟು ಬಿತ್ತು, ಅವರ ಫಸಲು ಚೆನ್ನಾಗಿ ಬಂತು. ಊರಲ್ಲೆಲ್ಲಾ ಮೊದಲೇ ಹೊಡೆದೋರೇ ಜಾಣರು ಅಂತ ಮಾತಾಯ್ತು. ಅವರಿಗೆ ಎರಡು ಸಲಕ್ಕೂ ಸಾಲೋ ನೀರಿತ್ತು, ಮಳೆ ಬರದಿದ್ರೂ ನಡೀತಿತ್ತು, ಹಾಗಾಗಿ ಅವರಿಗೆ ಅದು ಸರಿ. 30 ಲಕ್ಷ ಲೀಟರಿನ ಕೆರೆ ಇಟ್ಕೊಂಡು ಅವರನ್ನ ನೋಡಿ ಪಂಪು ಹಚ್ಚೋದು ಬೇರೆ ಮಾತು. ಯಾರಿಗೆ ಏನಾಯ್ತು ಅಂತ ನೋಡಿ ನಿರ್ಧಾರ ಅಳೆದ್ರೆ ಮುಂದಿನ ವರ್ಷ ತಪ್ಪು ಪಾಠ ಹೊತ್ಕೊಂಡು ಹೋಗ್ತೀವಿ.

ಎಷ್ಟು ಬಿದ್ರೆ ಏನು ಅನ್ನೋದನ್ನ ಮಳೆಗೆ ಮೊದಲೇ ಬರೆದಿಟ್ಟದ್ದು ದೊಡ್ಡ ಕೆಲಸ ಮಾಡಿತು. ಅಷ್ಟು ದಿನ ಕಾದು ಮಳೆ ಬಿದ್ದ ಬೆಳಗ್ಗೆ ಎಲ್ಲರಿಗೂ ಸಂತೋಷ, ಮಣ್ಣಿನ ವಾಸನೆ, ಆ ಹೊತ್ತಲ್ಲಿ 38 ಸೆಂಟ್ ಸಾಲದು ಅಂತ ಹೇಳೋಕೆ ಯಾರಿಗೂ ಬಾಯಿ ಬರಲ್ಲ. ಪೇಪರ್ ಹೇಳಿತು. ಪೇಪರ್ ಮೀರಿದ ಒಂದೇ ಜಾಗದಲ್ಲಿ ನಷ್ಟ ಆಯ್ತು, ಆದ್ರೆ ಅದಕ್ಕೆ ಅಣ್ಣನನ್ನ ದೂರೋದೂ ಪೂರ್ತಿ ಸರಿಯಲ್ಲ, ಪೇಪರಿನ ಲೆಕ್ಕ ಬಯಲಿನ ಮಾಪಕದ್ದು, ನೆರಳಿನ ಕೆಳಗಿಂದಲ್ಲ.

ಇನ್ನು ಬುಲೆಟಿನ್ ಓದೋರಿಗೆ ನೇರವಾಗಿ ಹೇಳೋದಾದ್ರೆ, ಗುರುವಾರದ ವಿಸ್ತೃತ ಮುನ್ಸೂಚನೆಯಿಂದ ಪಂಪು ಸ್ಟಾರ್ಟ್ ಮಾಡೋಕೆ ಹೋಗಬೇಡಿ, ಅದು ಸಿದ್ಧತೆಗೆ, ಪೈಪು ಹಾಸೋಕೆ, ಇನ್ನೊಂದು ಸೆಟ್ಟಿಗೆ ಹೇಳಿಡೋಕೆ, ಕುಯ್ಲು ಬೇಗ ಮುಗಿಸೋಕೆ. ಐದು ದಿನದ್ದು ಕಾಯೋದಾ ಬೇಡವಾ ಅನ್ನೋಕೆ. ಮಂಗಳವಾರ, ಶುಕ್ರವಾರ ಬರೋ ಜಿಲ್ಲೆಯ ಕೃಷಿ ಹವಾಮಾನ ಸಲಹೆ ಕನ್ನಡದಲ್ಲೇ ಇರುತ್ತೆ, ಮೇಘದೂತ್ ಆ್ಯಪಲ್ಲೂ ಸಿಗುತ್ತೆ. ಕೊನೇ ಮಾತು ಮಾತ್ರ ನಿಮ್ಮ ತೋಟದ ಮಾಪಕದ್ದು, ಅದೂ ಒಂದಲ್ಲ, ಇಳಿಜಾರಾದ್ರೆ ಮೂರು. ನೂರಾರು ರೂಪಾಯಿಯ ಪ್ಲಾಸ್ಟಿಕ್ ಮಾಪಕ ಹತ್ತು ಲಕ್ಷ ಲೀಟರ್ ನೀರಿನ ನಿರ್ಧಾರ ಮಾಡ್ತಿದೆ ಅನ್ನೋದನ್ನ ಮರೀಬೇಡಿ.

ಆ ಮನೆಯವರು ಮುಂಗಾರಿಗೆ ಮೊದಲು ನೆರಳಿನ 3 ಎಕರೆಗೆ ಮರಗಸಿ ಮಾಡಿಸಿದ್ರು, ನಾಲ್ಕನೇ ಮಾಪಕ ಒಂದನ್ನ ಅದೇ ನೆರಳಿನ ಕೆಳಗೆ, ಗಿಡದ ಎತ್ತರಕ್ಕೆ ಗೂಟ ಹೊಡೆದು ಇಟ್ಟಿದ್ದಾರೆ. ಬಯಲಲ್ಲಿ ಎಷ್ಟು ಬಿದ್ರೆ ಅಲ್ಲಿ ಎಷ್ಟು ಇಳಿಯುತ್ತೆ ಅಂತ ಹುಡುಗಿ ಎರಡನ್ನೂ ಪಕ್ಕಪಕ್ಕ ಬರೀತಿದ್ದಾಳೆ.